ಸಣ್ಣ ಸ್ವಯಂ-ಆಡಳಿತ ಪಿಂಚಣಿ ಯೋಜನೆ (ಬ್ರಿಟನ್): ಆಡಳಿತದ ಹೊಣೆಗಳು

ಬ್ರಿಟನ್ನಿನ ಸಣ್ಣ ಕಂಪನಿಗಳು, ಅದರಲ್ಲೂ ಒಂದೇ ಕುಟುಂಬದ ಕೈಯಲ್ಲಿರುವ ಕಂಪನಿಗಳು, ತಮ್ಮ ನಿರ್ದೇಶಕರಿಗಾಗಿ ಟ್ರಸ್ಟ್ ರೂಪದಲ್ಲಿ ನಡೆಸುವ ಖಾಸಗಿ ನಿವೃತ್ತಿ ನಿಧಿ. ಎಸ್‌ಎಸ್‌ಎಎಸ್ ಎಂದು ಬರೆಯುವ ಇದನ್ನು ಅಲ್ಲಿನವರು ಬಾಯಿಮಾತಿನಲ್ಲಿ ‘ಸ್ಯಾಸ್’ ಎನ್ನುತ್ತಾರೆ. ಸದಸ್ಯರು ಹನ್ನೆರಡಕ್ಕಿಂತ ಕಡಿಮೆ. ಸಾಮಾನ್ಯವಾಗಿ ಅವರೆಲ್ಲರೂ ಟ್ರಸ್ಟಿಗಳೂ ಹೌದು. ಹಣವನ್ನು ವಿಮಾ ಕಂಪನಿಗೆ ಒಪ್ಪಿಸಿ ಕೂರುವ ಬದಲು ಎಲ್ಲಿ ತೊಡಗಿಸಬೇಕೆಂದು ತಾವೇ ತೀರ್ಮಾನಿಸಬಹುದು ಎಂಬುದು ಇದರ ಆಕರ್ಷಣೆ.

ಇಲ್ಲಿ ಒಬ್ಬನೇ ಮನುಷ್ಯ ಹಲವು ವೇಷ ಹಾಕುತ್ತಾನೆ. ನಿರ್ದೇಶಕನಾಗಿ ವಂತಿಗೆ ಕಟ್ಟುವವನು ಅವನೇ, ಟ್ರಸ್ಟಿಯಾಗಿ ಅದನ್ನು ಪಡೆಯುವವನೂ ಅವನೇ. ಟ್ರಸ್ಟ್ ಕೊಂಡ ಗೋದಾಮನ್ನು ಕಂಪನಿಗೆ ಬಾಡಿಗೆಗೆ ಕೊಟ್ಟರೆ ಮಾಲೀಕನೂ ಬಾಡಿಗೆದಾರನೂ ಒಂದೇ ಕುರ್ಚಿಯಲ್ಲಿ ಕೂತಿರುತ್ತಾರೆ. ಯಾವ ಹಣ ಯಾರದು ಎಂದು ಹೊರಗಿನವರಿಗೆ ತೋರಿಸಿಕೊಡುವುದು ಟ್ರಸ್ಟ್ ಡೀಡು, ಸಭೆಯ ನಡಾವಳಿ, ಪ್ರತ್ಯೇಕ ಬ್ಯಾಂಕ್ ಖಾತೆ ಮತ್ತು ಸಹಿಯಾದ ಕರಾರುಗಳು ಮಾತ್ರ. ಹಾಗಾಗಿ ಈ ಯೋಜನೆಯಲ್ಲಿ ಕಾಗದಪತ್ರವನ್ನು ಬರಿಯ ಗುಮಾಸ್ತಿಕೆ ಎಂದು ತಳ್ಳಿಹಾಕುವಂತಿಲ್ಲ.

ಹಿನ್ನೆಲೆ

1973ಕ್ಕೆ ಮುಂಚೆ ಕಂಪನಿಯ ಮೇಲೆ ಹಿಡಿತವಿದ್ದ ನಿರ್ದೇಶಕರು ಅದರ ಅನುಮೋದಿತ ಪಿಂಚಣಿ ಯೋಜನೆಗೆ ಸೇರುವಂತಿರಲಿಲ್ಲ. ಆ ವರ್ಷದ ಹಣಕಾಸು ಕಾಯಿದೆ ಈ ತಡೆಯನ್ನು ತೆಗೆಯಿತು. ಒಡನೆಯೇ ತೆರಿಗೆ ಇಲಾಖೆಗೆ ಒಂದು ಅಳುಕು ಹುಟ್ಟಿತು. ಫಲಾನುಭವಿಗಳೆಲ್ಲ ಒಪ್ಪಿದರೆ ಟ್ರಸ್ಟನ್ನೇ ಮುಚ್ಚಿ ಹಣ ಹಂಚಿಕೊಳ್ಳಬಹುದೆಂಬುದು ಇಂಗ್ಲೆಂಡಿನ ಹಳೆಯ ಕಾನೂನು ತತ್ವ. ಇಲ್ಲಿ ಫಲಾನುಭವಿಗಳೆಂದರೆ ಗಂಡ, ಹೆಂಡತಿ, ಹೆಚ್ಚೆಂದರೆ ಒಬ್ಬ ಮಗ. ಬೇಲಿಯೇ ಎದ್ದು ಹೊಲ ಮೇಯದಂತೆ ‘ಪೆನ್ಷನೀರ್ ಟ್ರಸ್ಟಿ’ ಎಂಬ ಹೊರಗಿನ ಪರಿಣತನೊಬ್ಬ ಇರಲೇಬೇಕೆಂದು ಇಲಾಖೆ ವಿಧಿಸಿತು. ನಿಯಮ ಮೀರಿ ಟ್ರಸ್ಟನ್ನು ಮುಚ್ಚಲು ಒಪ್ಪದಿರುವುದೇ ಅವನ ಮುಖ್ಯ ಹೊಣೆ. 2004ರ ಹಣಕಾಸು ಕಾಯಿದೆ ಜಾರಿಗೆ ಬಂದ 2006ರ ಏಪ್ರಿಲ್ 6ರಂದು ಈ ಕಡ್ಡಾಯ ರದ್ದಾಯಿತು. ವೃತ್ತಿಪರ ಸಹ-ಟ್ರಸ್ಟಿಯನ್ನು ಇಟ್ಟುಕೊಳ್ಳುವ ರೂಢಿ ಮಾತ್ರ ಹೋಗಿಲ್ಲ, ಹೋಗದಿರುವುದೇ ಒಳ್ಳೆಯದು.

ಇನ್ನೊಂದು ಎಳೆ ರಾಬರ್ಟ್ ಮ್ಯಾಕ್ಸ್‌ವೆಲ್ ಪ್ರಕರಣದ್ದು. ಆ ಪತ್ರಿಕೋದ್ಯಮಿ 1991ರ ನವೆಂಬರಿನಲ್ಲಿ ಸತ್ತ ಮೇಲೆ ಅವನ ಕಂಪನಿಗಳ ಪಿಂಚಣಿ ನಿಧಿಗಳಲ್ಲಿ 40 ಕೋಟಿ ಪೌಂಡಿಗೂ ಹೆಚ್ಚು ಹಣ ಇಲ್ಲವಾಗಿರುವುದು ಬಯಲಾಯಿತು. ಅದರ ಬೆನ್ನಿಗೆ ಬಂದ 1995ರ ಪಿಂಚಣಿ ಕಾಯಿದೆ ಮತ್ತು ಅದರ ನಿಯಮಗಳ ಪ್ರಕಾರ ದೊಡ್ಡ ಯೋಜನೆಗಳು ತಮ್ಮ ಹಣದ ಶೇ. 5ಕ್ಕಿಂತ ಹೆಚ್ಚನ್ನು ಸ್ವಂತ ಕಂಪನಿಯಲ್ಲಿ ತೊಡಗಿಸುವಂತಿಲ್ಲ. ಸಣ್ಣ ಯೋಜನೆಗೆ ಇದರಿಂದ ವಿನಾಯಿತಿಯಿದೆ. ಆದರೆ ಸದಸ್ಯರೆಲ್ಲರೂ ಟ್ರಸ್ಟಿಗಳಾಗಿರಬೇಕು, ನಿರ್ಧಾರಗಳು ಸರ್ವಾನುಮತದಿಂದಲೇ ಆಗಬೇಕೆಂದು ಡೀಡಿನಲ್ಲಿ ಬರೆದಿರಬೇಕು. ನಂಬಿಕಸ್ಥ ಮ್ಯಾನೇಜರನನ್ನು ಸದಸ್ಯನಾಗಿ ಸೇರಿಸಿಕೊಂಡು ಟ್ರಸ್ಟಿಯಾಗಿ ನೇಮಿಸಲು ಮರೆತರೆ ವಿನಾಯಿತಿಯೇ ಕೈತಪ್ಪುತ್ತದೆ.

ನೋಂದಣಿ ಮತ್ತು ವಾರ್ಷಿಕ ಲೆಕ್ಕ

ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯಲ್ಲಿ ನೋಂದಣಿಯಾಗದೆ ತೆರಿಗೆ ರಿಯಾಯಿತಿಯಿಲ್ಲ. ಒಂದು ಕಾಲದಲ್ಲಿ ಅರ್ಜಿ ಹಾಕಿದರೆ ಸಾಕು, ನೋಂದಣಿ ಆಗಿಬಿಡುತ್ತಿತ್ತು. ಜನರ ಉಳಿತಾಯವನ್ನು ನಿವೃತ್ತಿಗೆ ಮುಂಚೆಯೇ ಬಿಡಿಸಿಕೊಡುತ್ತೇವೆಂದು ನಂಬಿಸಿ ನುಂಗುವ ವಂಚಕರು ಈ ದಾರಿಯನ್ನು ಕಂಡುಕೊಂಡಿದ್ದರಿಂದ 2013ರ ಅಕ್ಟೋಬರಿನಿಂದ ಮೊದಲು ವಿಚಾರಣೆ, ಆಮೇಲೆ ನೋಂದಣಿ. ಯೋಜನೆಯ ಆಡಳಿತಗಾರ ಯೋಗ್ಯ ವ್ಯಕ್ತಿ ಅಲ್ಲವೆನಿಸಿದರೆ ನಿರಾಕರಿಸುವ ಅಧಿಕಾರ 2014ರಲ್ಲಿ ಬಂತು. ವ್ಯವಹಾರವಿಲ್ಲದ ಕಂಪನಿಯ ಹೆಸರಿನಲ್ಲಿ ಕಟ್ಟಿದ ಯೋಜನೆಯನ್ನು ತಿರಸ್ಕರಿಸುವ ಅಧಿಕಾರ 2018ರಲ್ಲಿ. ಸದಸ್ಯರು ಇಬ್ಬರೋ ಹೆಚ್ಚೋ ಇದ್ದರೆ ಪಿಂಚಣಿ ನಿಯಂತ್ರಕರಲ್ಲಿಯೂ ನೋಂದಾಯಿಸಬೇಕು.

ಬ್ರಿಟನ್ನಿನ ತೆರಿಗೆ ವರ್ಷ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಆ ವರ್ಷದಲ್ಲಿ ವರದಿ ಮಾಡತಕ್ಕ ಸಂಗತಿಗಳೇನಾದರೂ ನಡೆದಿದ್ದರೆ ಮುಂದಿನ ಜನವರಿ 31ರೊಳಗೆ ‘ಘಟನಾ ವರದಿ’ ಸಲ್ಲಬೇಕು. ಇಲಾಖೆ ನೋಟಿಸು ಕೊಟ್ಟರೆ ಯೋಜನೆಯ ರಿಟರ್ನಿಗೂ ಅದೇ ಗಡುವು. ತಪ್ಪಿದರೆ 100 ಪೌಂಡಿನಿಂದ ದಂಡ ಶುರು. ಯೋಜನೆಯೇ ತೆರಿಗೆ ಕಟ್ಟಬೇಕಾಗಿ ಬಂದ ತ್ರೈಮಾಸಿಕಕ್ಕೆ ಬೇರೆ ರಿಟರ್ನು, ಅದು 45 ದಿನಗಳೊಳಗೆ.

ಕಂಪನಿಗೆ ಸಾಲ

ಈ ಯೋಜನೆಯನ್ನು ಹೆಚ್ಚಿನವರು ಇಷ್ಟಪಡುವುದು ಸ್ವಂತ ಕಂಪನಿಗೆ ಸಾಲ ಪಡೆಯಬಹುದೆಂದು. ಎಡವುವುದೂ ಇಲ್ಲಿಯೇ. ಸಾಲ ಯೋಜನೆಯ ನಿವ್ವಳ ಆಸ್ತಿಯ ಅರ್ಧವನ್ನು ಮೀರಬಾರದು. ಅವಧಿ ಐದು ವರ್ಷದೊಳಗೆ, ಮರುಪಾವತಿ ಸಮನಾದ ವಾರ್ಷಿಕ ಕಂತುಗಳಲ್ಲಿ. ಬಡ್ಡಿದರ ಆರು ಗೊತ್ತುಪಡಿಸಿದ ಬ್ಯಾಂಕುಗಳ ಮೂಲ ಸಾಲದರದ ಸರಾಸರಿಗಿಂತ ಕನಿಷ್ಠ ಒಂದು ಶೇಕಡಾ ಅಂಶ ಹೆಚ್ಚಿರಬೇಕು, ಸರಾಸರಿ ಶೇ. 4 ಇದ್ದರೆ ಬಡ್ಡಿ ಶೇ. 5ಕ್ಕಿಂತ ಕೆಳಗಿಳಿಯುವಂತಿಲ್ಲ. ಅಸಲು ಬಡ್ಡಿ ಎರಡಕ್ಕೂ ಸಾಲುವಷ್ಟು ಬೆಲೆಯ ಆಸ್ತಿಯ ಮೇಲೆ ಮೊದಲ ಹಕ್ಕಿನ ಅಡಮಾನ ಬೇಕು. ಬ್ಯಾಂಕು ಆಗಲೇ ಆ ಕಟ್ಟಡವನ್ನು ಅಡವಿಟ್ಟುಕೊಂಡಿದ್ದರೆ ಟ್ರಸ್ಟಿಗೆ ಸಿಗುವುದು ಎರಡನೆಯ ಹಕ್ಕು. ಅದು ನಡೆಯದು. ಈ ಐದರಲ್ಲಿ ಒಂದು ತಪ್ಪಿದರೂ ಪೂರ್ತಿಯಾಗಿಯೋ ಭಾಗಶಃವೋ ಅದು ‘ಅನಧಿಕೃತ ಪಾವತಿ’.

ಕಂಪನಿಗೆ ಕೊಡಬಹುದಾದ ಸಾಲವನ್ನು ಸದಸ್ಯನಿಗೆ ಕೊಡುವಂತಿಲ್ಲ. ಮಗಳ ಮದುವೆಗೆಂದು ನಿರ್ದೇಶಕನೊಬ್ಬ 20,000 ಪೌಂಡು ತೆಗೆದುಕೊಂಡನೆನ್ನಿ: ಶೇ. 40ರಂತೆ 8,000 ಪೌಂಡು ತೆರಿಗೆ ಅವನ ಮೇಲೆ ಬೀಳುತ್ತದೆ. ಮೊತ್ತ ನಿಧಿಯ ಕಾಲುಭಾಗವನ್ನು ಮುಟ್ಟಿದರೆ ಇನ್ನೂ ಶೇ. 15. ಇದರ ಮೇಲೆ ಯೋಜನೆಗೆ ಬೇರೆ ತೆರಿಗೆ ಶೇ. 40ರವರೆಗೆ, ಸದಸ್ಯ ತನ್ನ ಪಾಲು ಕಟ್ಟಿದ್ದರೆ ಅದು ಶೇ. 15ಕ್ಕೆ ಇಳಿಯಬಹುದು. ‘ಮುಂದಿನ ತಿಂಗಳು ವಾಪಸು ಹಾಕುತ್ತೇನೆ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಆಸ್ತಿ

ಅಂಗಡಿ, ಕಚೇರಿ, ಕಾರ್ಖಾನೆಯ ಕಟ್ಟಡ ಕೊಳ್ಳಲು ಅಡ್ಡಿಯಿಲ್ಲ. ಬೇಕಾದರೆ ನಿವ್ವಳ ಆಸ್ತಿಯ ಅರ್ಧದಷ್ಟು ಸಾಲವನ್ನೂ ಟ್ರಸ್ಟ್ ಎತ್ತಬಹುದು. ಸ್ವಂತ ಕಂಪನಿಯೇ ಬಾಡಿಗೆಗಿದ್ದರೂ ಬಾಡಿಗೆ ಮಾರುಕಟ್ಟೆಯ ದರದಲ್ಲಿರಬೇಕು, ಕಾಲಕ್ಕೆ ಸರಿಯಾಗಿ ಬರಬೇಕು. ಸ್ವತಂತ್ರ ಮೌಲ್ಯಮಾಪಕರ ವರದಿಯನ್ನು ಕಡತದಲ್ಲಿಡುವುದು ಇದಕ್ಕಾಗಿಯೇ. ವಾಸದ ಮನೆ, ಚಿತ್ರಕಲೆ, ಕಾರು, ಒಡವೆಗಳನ್ನು ಕೊಂಡರೆ ಭಾರೀ ತೆರಿಗೆ. ಚಿನ್ನದ ಗಟ್ಟಿಗೆ ಮಾತ್ರ, ಹೂಡಿಕೆಯ ದರ್ಜೆಯ ಶುದ್ಧತೆ ಇದ್ದರೆ, ಈ ತೊಡಕಿಲ್ಲ.

ವರ್ಗಾವಣೆ, ನಿರ್ಗಮನ

ಬೇರೆ ಪಿಂಚಣಿಯಿಂದ ಇದಕ್ಕೆ ಹಣ ತರುವುದು 2021ರ ನವೆಂಬರ್ 30ರಿಂದ ಕಷ್ಟವಾಗಿದೆ. ಕಳಿಸುವ ಯೋಜನೆಯವರು ಉದ್ಯೋಗದ ನಂಟನ್ನು ರುಜುವಾತುಪಡಿಸಲು ಕಂಪನಿಯ ಪತ್ರ, ಮೂರು ತಿಂಗಳ ಸಂಬಳದ ಚೀಟಿ, ವಂತಿಗೆಯ ವಿವರ ಕೇಳುತ್ತಾರೆ. ಸಂಬಳವನ್ನೇ ತೆಗೆದುಕೊಳ್ಳದೆ ಲಾಭಾಂಶದಲ್ಲಿ ಬದುಕುವ ನಿರ್ದೇಶಕರಿಗೆ ಇದು ತಲೆನೋವು.

ಆಡಳಿತಗಾರ ಹುದ್ದೆ ಬಿಟ್ಟರೆ 30 ದಿನಗಳೊಳಗೆ ಇಲಾಖೆಗೆ ತಿಳಿಸಬೇಕು. ಆ ಜಾಗ ಖಾಲಿ ಬಿದ್ದರೆ ಹೊಣೆ ಟ್ರಸ್ಟಿಗಳ ತಲೆಗೆ ಬರುತ್ತದೆ. ಆಡಳಿತಗಾರರು 2026ರ ಏಪ್ರಿಲ್ 6ರಿಂದ ಬ್ರಿಟನ್ನಿನ ನಿವಾಸಿಗಳೇ ಆಗಿರಬೇಕೆಂದು 2024ರ ಅಕ್ಟೋಬರ್ ಬಜೆಟ್ಟಿನಲ್ಲಿ ಘೋಷಿಸಲಾಯಿತು. ಅಲ್ಲಿ ಕಂಪನಿ ಕಟ್ಟಿ, ಕೊನೆಗಾಲಕ್ಕೆ ಬೆಂಗಳೂರಿಗೋ ಮಂಗಳೂರಿಗೋ ಮರಳುವ ಕನ್ನಡಿಗ ನಿರ್ದೇಶಕ ಸಾಮಾನು ಕಟ್ಟುವ ಮೊದಲೇ ಆ ಹುದ್ದೆಗೆ ಅಲ್ಲಿಯೇ ಉಳಿಯುವ ಒಬ್ಬರನ್ನು ಹುಡುಕಿಡಬೇಕಾಗುತ್ತದೆ.