ಬಿಸಿನೀರ ಬುಗ್ಗೆಗೆ ಹಲಗೆಯ ಹಾದಿ

ನಂದಿಬೆಟ್ಟದ ಅಮೃತ ಸರೋವರ, ಬುಡದಲ್ಲಿರುವ ಭೋಗನಂದೀಶ್ವರ ಗುಡಿಯ ಶೃಂಗಿತೀರ್ಥ: ಚಿಕ್ಕಬಳ್ಳಾಪುರ ಸೀಮೆಯವರಿಗೆ ತೀರ್ಥವೆಂದರೆ ತಣ್ಣೀರು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರು ರಾಜ್ಯದೊಳಗೇ ಬಿಸಿನೀರ ಬುಗ್ಗೆ ನೋಡಬೇಕೆಂದರೆ ದಕ್ಷಿಣ ಕನ್ನಡದ ಪುತ್ತೂರು ಸಮೀಪದ ಇರ್ದೆಗೆ ಹೋಗಬೇಕು. ಅಲ್ಲಿನ ಬೆಂದ್ರು ತೀರ್ಥ ಬೆಚ್ಚನೆಯ ನೀರಿಗೆ ಹೆಸರಾದದ್ದು. ಜನ ಅದರಲ್ಲಿ ಇಳಿದು ಮೀಯುತ್ತಾ ಬಂದಿದ್ದಾರೆ.

ಆದರೆ ಎಲ್ಲ ಬಿಸಿನೀರ ಬುಗ್ಗೆಗಳೂ ಮೀಯಲು ತಕ್ಕವಲ್ಲ. ಅಮೆರಿಕದ ಯೆಲ್ಲೊಸ್ಟೋನ್‌ನಲ್ಲಿ ನೆಲದಡಿಯ ಶಿಲಾರಸ ನೀರನ್ನು ಕುದಿಸುತ್ತದೆ. ಅಲ್ಲಿನ ಮ್ಯಾಮತ್ ಎಂಬಲ್ಲಿ ಬಿಸಿನೀರು ಸುಣ್ಣಕಲ್ಲನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಗಾಳಿ ಸೋಕಿದಾಗ ನೀರಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಣ್ಣ ಕೆಳಗುಳಿಯುತ್ತದೆ. ಹೀಗೆ ಪದರದ ಮೇಲೆ ಪದರ ಕೂಡಿ ಬಿಳಿಯ ಮೆಟ್ಟಿಲುಗಳಾಗಿವೆ. ನೋಡಲು ಗಟ್ಟಿ ಬಂಡೆಯಂತೆ ಕಂಡರೂ ಇಂಥ ನೆಲ ಕೆಲವೆಡೆ ಬರೀ ತೆಳು ಹೊಪ್ಪಳೆ, ಕಾಲಿಟ್ಟರೆ ಕುಸಿದೀತು.

1872ರಲ್ಲಿ ಈ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಆಗ ಬಂದ ಪ್ರವಾಸಿಗರು ನೆನಪಿಗೆಂದು ಬುಗ್ಗೆಗಳ ಅಂಚು ಒಡೆದು ಒಯ್ದರು, ಮೇಲೆ ಹೆಸರು ಗೀಚಿದರು. ಹಾವಳಿ ತಡೆಯಲು 1886ರಲ್ಲಿ ಸೈನ್ಯವನ್ನೇ ಕರೆಸಬೇಕಾಯಿತು. ಅದು 1918ರವರೆಗೂ ಕಾವಲಿತ್ತು. ಜನರನ್ನು ನೆಲಕ್ಕೆ ಸೋಕಿಸದೆ ನಡೆಸುವ ಮರದ ಹಲಗೆಯ ಹಾದಿಗಳು ಇಂದು ಆ ಕಾವಲು ಕಾಯುತ್ತಿವೆ.

ಹಾದಿ ಕಾಯುವುದು ಇಬ್ಬರನ್ನು. 2016ರಲ್ಲಿ ಅದನ್ನು ಬಿಟ್ಟು ಆಚೆ ಹೋದ ಯುವಕನೊಬ್ಬ ಕುದಿವ ಬುಗ್ಗೆಗೆ ಬಿದ್ದು ಸತ್ತ. ಆಮ್ಲ ತುಂಬಿದ ನೀರಿನಲ್ಲಿ ಅವನ ದೇಹವೂ ಸಿಗಲಿಲ್ಲ. ಇನ್ನೊಂದೆಡೆ ‘ಮಾರ್ನಿಂಗ್ ಗ್ಲೋರಿ’ ಎಂಬ ನೀಲಿ ಕೊಳ ಜನ ಎಸೆದ ವಸ್ತುಗಳಿಂದ ಕಟ್ಟಿಕೊಂಡು ತಣ್ಣಗಾಯಿತು, ಅದರ ಬಣ್ಣವೇ ಬದಲಾಯಿತು. 1950ರಲ್ಲಿ ಅದನ್ನು ಉಕ್ಕಿಸಿದಾಗ ನಾಣ್ಯ, ಕರವಸ್ತ್ರಗಳು ರಾಶಿರಾಶಿಯಾಗಿ ಹೊರಬಂದವು.

ಅಂಥ ಕಡೆ ಹೋಗುವವರು ನೆನಪಿಡಬೇಕಾದ್ದು ಇಷ್ಟೆ. ಹಲಗೆಯಿಂದ ಕೆಳಗಿಳಿಯಬಾರದು. ಮಕ್ಕಳ ಕೈ ಬಿಡಬಾರದು. ಹಾದಿ ಒದ್ದೆಯಾಗಿದ್ದರೆ ಓಡಬಾರದು. ಟೋಪಿ ಹಾರಿಹೋದರೆ ಹೋಗಲಿ, ಹಿಂದೆ ಹೋಗಬಾರದು. ನೀರಿಗೆ ಕೈ ಹಾಕಬಾರದು, ಏನನ್ನೂ ಎಸೆಯಬಾರದು.

ಕೊನೆಯ ಮಾತು ನಮಗೂ ಸಲ್ಲುತ್ತದೆ. ಹರಕೆಯ ಕಾಸಾಗಲಿ, ಪ್ಲಾಸ್ಟಿಕ್ ಚೀಲವಾಗಲಿ ನೀರಿನ ಕಣ್ಣಿಗೆ ಬಿದ್ದ ಕಸವೇ. ಶೃಂಗಿತೀರ್ಥ ದಕ್ಷಿಣ ಪಿನಾಕಿನಿಯ ಮೂಲವೆಂಬ ನಂಬಿಕೆ ನಮ್ಮಲ್ಲಿದೆ. ಆ ನಂಬಿಕೆ ಇರುವವರು ಅದರ ಮೆಟ್ಟಿಲ ಮೇಲೆ ನಿಂತು ಕೈ ಮುಗಿದರೆ ಸಾಕು.