ಪೆಣ್ಬುಯ್ಯಲಿನಿಂದ ಕೈಫೋನಿನ ಗುಂಡಿಯವರೆಗೆ

ಯಾರಾದರೂ ಕೂಗಾಡಿ ಗದ್ದಲ ಮಾಡಿದರೆ ‘ಹುಯಿಲೆಬ್ಬಿಸಿದರು’ ಎಂದು ನಾವು ಇಂದಿಗೂ ಹೇಳುತ್ತೇವೆ. ಈ ಹುಯಿಲು ಬಹು ಹಳೆಯ ಮಾತು. ಹಳಗನ್ನಡದಲ್ಲಿ ಇದರ ರೂಪ ‘ಪುಯ್ಯಲ್’. ಆಪತ್ತಿನಲ್ಲಿ ನೆರವಿಗಾಗಿ ಇಡುವ ಮೊರೆ ಎಂದು ಅರ್ಥ. ವೀರಗಲ್ಲುಗಳ ಶಾಸನಗಳಲ್ಲಿ ‘ತುಱುಗೋಳ್’ ಎಂಬ ಮಾತು ಬರುವಂತೆಯೇ ‘ಪೆಣ್ಬುಯ್ಯಲ್’ ಎಂಬ ಮಾತೂ ಬರುತ್ತದೆ. ಮೊದಲನೆಯದು ಶತ್ರುಗಳು ದನಗಳನ್ನು ಹೊಡೆದುಕೊಂಡು ಹೋಗುವುದು. ಎರಡನೆಯದು ಹೆಣ್ಣಿನ ಮೊರೆ, ಆ ಮೊರೆ ಕೇಳಿ ನಡೆದ ಕಾದಾಟ. ಪೆಣ್, ಪುಯ್ಯಲ್ ಎರಡೂ ಕೂಡಿದಾಗ ಪಕಾರ ಹೋಗಿ ಬಕಾರ ಬಂತು. ಆದೇಶಸಂಧಿ ಓದಿದ ಮಕ್ಕಳು ಮನೆಯಲ್ಲಿದ್ದರೆ ತಾವು ಅವರನ್ನೇ ಕೇಳಬಹುದು.

ಈ ಶಬ್ದವನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವುಂಟು. ಹೆಂಗಸರ ರಕ್ಷಣೆಗಾಗಿ ಮೊಬೈಲು ಆ್ಯಪ್‌ಗಳನ್ನು ರಚಿಸುವ ಕೆಲಸ ಹಲವು ವರ್ಷಗಳಿಂದ ನಡೆದಿದೆ. ಇದನ್ನು ಪೂರ್ವಚರಿತ್ರೆಯೇ ಇಲ್ಲದ ಹೊಸ ಸಂಗತಿಯೆಂದು ಬಗೆಯುವವರು ಹೆಚ್ಚು. ಯಂತ್ರವೇನೋ ಹೊಸದು, ಅದು ಮಾಡುವ ಕೆಲಸ ಪುಯ್ಯಲಿನದೇ.

ನಮ್ಮ ಸೀಮೆಯನ್ನೇ ನೋಡಿರಿ. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು. ಜಗಳೂರಿನವು ಹನ್ನೊಂದನೆಯ ಸಂಪುಟದಲ್ಲಿವೆ. ಇಂದು ನ್ಯಾಮತಿ ತಾಲ್ಲೂಕಿಗೆ ಸೇರಿರುವ ಬೆಳಗುತ್ತಿ ಒಂದು ಕಾಲಕ್ಕೆ ಸಿಂದ ಅರಸರ ನೆಲೆ. ವೀರಗಲ್ಲುಗಳಿಗೆ ಇಲ್ಲಿ ಬರವಿಲ್ಲ. ಊರ ಹೊರಗೆ, ಕೆರೆಯ ಏರಿಯ ಬಳಿ, ಗುಡಿಯ ಹಿಂದೆ ಅವು ನಿಂತಿರುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಹೋರಾಡಿ ಮಡಿದವನ ಹೆಸರು, ಅವನ ತಂದೆಯ ಹೆಸರು, ಆಳುತ್ತಿದ್ದ ಅರಸನ ಹೆಸರು ಬರೆಹದಲ್ಲಿ ಸಿಗುತ್ತವೆ. ಮೊರೆಯಿಟ್ಟ ಹೆಣ್ಣಿನ ಹೆಸರು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಆಕೆಗೆ ಮುಂದೇನಾಯಿತೆಂಬುದನ್ನೂ ಕಲ್ಲು ಹೇಳುವುದಿಲ್ಲ. ಇಂದಿನ ಆ್ಯಪ್ ಮೊದಲು ಕೇಳುವುದೇ ಆಕೆಯ ಹೆಸರನ್ನು, ಆಮೇಲೆ ಆಕೆ ನಂಬುವವರ ದೂರವಾಣಿ ಸಂಖ್ಯೆಗಳನ್ನು. ಇದು ಸಣ್ಣ ಬದಲಾವಣೆಯೆಂದು ನನಗೆ ತೋರುವುದಿಲ್ಲ.

ಕೊರಳಿನ ಕೂಗಿಗೆ ಒಂದು ಮಿತಿಯಿತ್ತು: ಕಿವಿಗೆ ಬೀಳುವಷ್ಟು ದೂರವೇ ಅದರ ಎಲ್ಲೆ. ದೂರವಾಣಿ ಬಂದ ಮೇಲೆ ಆ ಎಲ್ಲೆ ಹೋಯಿತು, ಆದರೆ ಬೇರೊಂದು ತೊಡಕು ಹುಟ್ಟಿತು. 1935ರಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿತ್ತು. ನೆರೆಯವರು ಅಗ್ನಿಶಾಮಕ ದಳಕ್ಕೆ ಫೋನು ಮಾಡಲು ಹೋದರೆ ವಿನಿಮಯ ಕೇಂದ್ರದ ಸರತಿಯಲ್ಲಿ ಕಾಯಬೇಕಾಯಿತು. ಆ ಬೆಂಕಿಯಲ್ಲಿ ಐವರು ಹೆಂಗಸರು ಸತ್ತರು. ತುರ್ತು ಕರೆಗೆಂದೇ 999 ಎಂಬ ಸಂಖ್ಯೆ ಅಲ್ಲಿ 1937ರಲ್ಲಿ ಬಳಕೆಗೆ ಬಂದುದರ ಹಿಂದೆ ಈ ದುರಂತವಿದೆ. ನಮ್ಮಲ್ಲಿ ಪೊಲೀಸರಿಗೆ 100, ಬೆಂಕಿಗೆ 101, ಆಂಬುಲೆನ್ಸಿಗೆ 108 ಎಂದು ಬೇರೆ ಬೇರೆ ಸಂಖ್ಯೆಗಳಾದವು. ಗಾಬರಿಯಲ್ಲಿರುವವರು ಯಾವುದನ್ನೆಂದು ನೆನೆದಾರು?

2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರ ಕೃತ್ಯ ದೇಶವನ್ನೇ ಅಲುಗಿಸಿತು. ಮರುವರ್ಷ ಕೇಂದ್ರ ಸರಕಾರ ನಿರ್ಭಯಾ ನಿಧಿಯನ್ನು ಸ್ಥಾಪಿಸಿತು. 2016ರಲ್ಲಿ ಮೊಬೈಲುಗಳಲ್ಲಿ ಆಪತ್ತಿನ ಗುಂಡಿ ಇರಲೇಬೇಕೆಂಬ ನಿಯಮ ಬಂತು: ಸಾಮಾನ್ಯ ಫೋನಿನಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗ ಬೇಗನೆ ಮೂರು ಸಲ ಒತ್ತುವುದು. ಅದೇ ವರ್ಷದ ಕೊನೆಯ ರಾತ್ರಿ, ಹೊಸವರ್ಷದ ಸಂಭ್ರಮದ ನಡುವೆ, ಬೆಂಗಳೂರಿನ ಎಂ. ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಹೆಂಗಸರು ಕಿರುಕುಳಕ್ಕೆ ಒಳಗಾದ ಸುದ್ದಿ ಬಂತು. 2017ರ ಏಪ್ರಿಲಿನಲ್ಲಿ ಬೆಂಗಳೂರು ನಗರ ಪೊಲೀಸರು ‘ಸುರಕ್ಷಾ’ ಎಂಬ ಆ್ಯಪನ್ನೂ ‘ಪಿಂಕ್ ಹೊಯ್ಸಳ’ ಎಂಬ ಗಸ್ತಿನ ವಾಹನಗಳನ್ನೂ ಹೊರತಂದರು. ಹೊಯ್ಸಳ ಎಂಬ ಹೆಸರಿನ ಐತಿಹ್ಯ ತಮಗೆ ತಿಳಿದದ್ದೇ. ಹುಲಿ ಎರಗಿದಾಗ ಮುನಿಯು ‘ಪೊಯ್ ಸಳ’ ಎಂದು ಕೂಗಿದನಂತೆ. ಅದೂ ಒಂದು ಪುಯ್ಯಲೇ ಅಲ್ಲವೆ? ಹೆಸರಿಟ್ಟವರು ಇದನ್ನು ನೆನೆದಿದ್ದರೋ ಇಲ್ಲವೋ, ಹೆಸರಂತೂ ಒಪ್ಪಿದೆ. 2018ರ ನವೆಂಬರ್ 28ರಂದು ಹಿಮಾಚಲ ಪ್ರದೇಶದಲ್ಲಿ ಎಲ್ಲ ಆಪತ್ತಿಗೂ ಒಂದೇ ಸಂಖ್ಯೆಯಾದ 112 ಆರಂಭವಾಗಿ, ಮುಂದೆ ನಮ್ಮ ರಾಜ್ಯಕ್ಕೂ ಬಂತು.

ಇಂಥ ಆ್ಯಪ್ ಕೆಲಸ ಮಾಡುವ ಬಗೆ ಸರಳವಾದದ್ದು. ಫೋನು ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಸಂಕೇತಗಳನ್ನು ಹಿಡಿದು ತಾನಿರುವ ಸ್ಥಳವನ್ನು ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳು ಸಿಕ್ಕರೆ ಲೆಕ್ಕ ಸರಿಯಾಗಿ ಕೂಡುತ್ತದೆ. ಆ ಸ್ಥಳವನ್ನು ನಿಯಂತ್ರಣ ಕೇಂದ್ರಕ್ಕೆ ಮುಟ್ಟಿಸುತ್ತದೆ. ಕೇಂದ್ರದವರು ಹತ್ತಿರದ ವಾಹನವನ್ನು ಕಳಿಸುತ್ತಾರೆ. ಆಕೆ ಬಾಯಿ ಬಿಡಬೇಕಾಗಿಯೇ ಇಲ್ಲ.

ಈ ‘ಹತ್ತಿರದ ವಾಹನ’ ಎಂಬಲ್ಲಿ ನಮ್ಮ ತಾಲ್ಲೂಕುಗಳ ಕಷ್ಟ ಮೊದಲಾಗುತ್ತದೆ. ಮಹಾನಗರದ ಬೀದಿಯನ್ನು ಮನಸ್ಸಿನಲ್ಲಿಟ್ಟು ರಚಿಸಿದ ಆ್ಯಪ್ ಚನ್ನಗಿರಿಯ ಅಡಕೆ ತೋಟದ ಕಾಲುದಾರಿಗೆ, ಜಗಳೂರಿನ ಮೆಕ್ಕೆಜೋಳದ ಹೊಲಗಳ ನಡುವಿನ ಬಂಡಿದಾರಿಗೆ ಹಾಗೆಯೇ ಒಗ್ಗುವುದಿಲ್ಲ. ಸಂಜೆಯ ಬಸ್ಸಿಳಿದು ಒಂದೆರಡು ಮೈಲಿ ನಡೆದು ಮನೆ ಸೇರುವ ಹುಡುಗಿಯರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಅಂತರಜಾಲ ಸಿಗದ ತಗ್ಗಿನಲ್ಲಿ ಬರಿಯ ಎಸ್ಸೆಮ್ಮೆಸ್ಸಿನಿಂದಲಾದರೂ ಮೊರೆ ಹೊರಡಬೇಕು, ಅಕ್ಷರಗಳು ಕನ್ನಡದಲ್ಲಿರಬೇಕು.

ಫೋನು ಯಾರ ಕೈಯಲ್ಲಿದೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ತಾವೇ ಬಳಸುವ ಸ್ವಂತ ಫೋನು ಇದ್ದ ಹೆಂಗಸರು ನೂರಕ್ಕೆ ಸುಮಾರು 54 ಮಾತ್ರ. ಮನೆಗೊಂದೇ ಫೋನಿದ್ದರೆ ಅದು ಅಪ್ಪನ ಜೇಬಿನಲ್ಲೋ ಅಣ್ಣನ ಜೇಬಿನಲ್ಲೋ ಇರುತ್ತದೆ. ಮತ್ತೂ ಒಂದು ಮಾತು. ವೀರಗಲ್ಲಿನ ಶತ್ರು ಊರ ಹೊರಗಿನಿಂದ ಬಂದವನು. ಆ್ಯಪ್ ಕೂಡ ಬಹುಮಟ್ಟಿಗೆ ಅಪರಿಚಿತನನ್ನೇ ಎದುರಿಗಿಟ್ಟುಕೊಂಡಿದೆ. ಆದರೆ ಹೆಂಗಸರ ಮೇಲಿನ ಅಪರಾಧಗಳ ಸರಕಾರಿ ಲೆಕ್ಕದಲ್ಲಿ ವರ್ಷ ವರ್ಷವೂ ದೊಡ್ಡ ಪಾಲು ಗಂಡ ಹಾಗೂ ಅವನ ಬಂಧುಗಳ ಕ್ರೌರ್ಯದ್ದೇ. ಅಂಥ ಮನೆಯಲ್ಲಿ ಗುಂಡಿ ಒತ್ತಿದ ಗುರುತು ಪರದೆಯ ಮೇಲೆ ಉಳಿದರೆ ಅದೇ ಆಕೆಗೆ ಹೊಸ ಅಪಾಯ. ಆ್ಯಪ್ ರಚಿಸುವ ತರುಣ ತರುಣಿಯರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಸಲಹೆಗೂ ಆಶ್ರಯಕ್ಕೂ 181 ಎಂಬ ಮಹಿಳಾ ಸಹಾಯವಾಣಿ ಬೇರೆಯೇ ಇದೆ.

112ರ ಆ್ಯಪಿನಲ್ಲಿ ಹೆಂಗಸರಿಗೆಂದೇ ಇರಿಸಿದ ಒಂದು ಸೌಕರ್ಯವುಂಟು. ಅದನ್ನು ಒತ್ತಿದರೆ ಮೊರೆಯು ಪೊಲೀಸರಿಗೆ ಮುಟ್ಟುವುದಲ್ಲದೆ, ಸುತ್ತಮುತ್ತ ಇರುವ, ಮೊದಲೇ ಹೆಸರು ನೋಂದಾಯಿಸಿದ ಸ್ವಯಂಸೇವಕರಿಗೂ ಮುಟ್ಟುತ್ತದೆ. ಅದಕ್ಕೆ ಅವರು ಇಟ್ಟ ಹೆಸರು ‘ಶೌಟ್’. ಇಂಗ್ಲಿಷಿನ ಆ ಮಾತನ್ನು ಕನ್ನಡಿಸಹೊರಟರೆ ನನಗೆ ಪುಯ್ಯಲ್‌ಗಿಂತ ಸಮನಾದ ಶಬ್ದ ತೋರುವುದಿಲ್ಲ. ವಾಹನ ಠಾಣೆಯಿಂದ ಬರುವಷ್ಟರಲ್ಲಿ ಪಕ್ಕದ ಮನೆಯವರು ಓಡಿ ಬರಬಹುದಷ್ಟೆ. ಹಾಗೆ ಹೆಸರು ಕೊಟ್ಟವರು ತಮ್ಮ ಊರಿನಲ್ಲಿ, ತಮ್ಮ ಬೀದಿಯಲ್ಲಿ ಎಷ್ಟು ಮಂದಿ ಇದ್ದಾರೆಂದು ತಾವು ಒಮ್ಮೆ ವಿಚಾರಿಸಿ ನೋಡಬಹುದು.