ಮೂತ್ರಕೋಶದ ಗೆಡ್ಡೆಗೆ ದರ್ಜೆ ಕಟ್ಟಿದ ನೂರು ವರ್ಷ

ಚಾಮರಾಜಪೇಟೆಗೂ ಹಳೆಯ ಕೋಟೆಗೂ ಸಮೀಪದಲ್ಲಿ 1900ರಲ್ಲಿ ಉದ್ಘಾಟನೆಯಾದ ವಿಕ್ಟೋರಿಯಾ ಆಸ್ಪತ್ರೆಯ ಸುತ್ತ ಬೆಂಗಳೂರಿನ ವೈದ್ಯಶಿಕ್ಷಣ ಬೆಳೆಯಿತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ತೆರಳಿತಾದರೂ, 1955ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜು ಸ್ಥಾಪನೆಯಾದಾಗ ಆ ಪರಂಪರೆ ಮತ್ತೆ ಕೋಟೆಯ ನೆರೆಗೇ ಬಂದಿತು. ಇದೇ ಕಾಲಾವಧಿಯಲ್ಲಿ, ಗೆಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ರೋಗಶಾಸ್ತ್ರಜ್ಞರ, ಎಂದರೆ ಪೆಥಾಲಜಿಸ್ಟರ, ಕೆಲಸಕ್ಕೆ ಹೊಸದೊಂದು ಹೊಣೆ ಸೇರಿತು. ಅದು ಗೆಡ್ಡೆಯ ಉಗ್ರತೆಯನ್ನು ದರ್ಜೆಗಳಲ್ಲಿ ಅಳೆಯುವ ಹೊಣೆ.

ಅಮೆರಿಕದ ಮೇಯೊ ಕ್ಲಿನಿಕ್ಕಿನ ಆಲ್ಬರ್ಟ್ ಬ್ರಾಡರ್ಸ್ 1922ರಲ್ಲಿ ಮೂತ್ರಾಂಗಗಳ ಕ್ಯಾನ್ಸರನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಜೀವಕೋಶಗಳು ತಮ್ಮ ಸಹಜ ರೂಪವನ್ನು ಎಷ್ಟರಮಟ್ಟಿಗೆ ಕಳೆದುಕೊಂಡಿವೆ ಎಂಬುದೇ ಅವರ ಅಳತೆಗೋಲಾಗಿತ್ತು. 1973ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇವನ್ನು ಮೂರಕ್ಕೆ ಇಳಿಸಿತು. ಆದರೆ ಮೊದಲನೆಯದು ಅತಿ ಕಡಿಮೆ ವಿಕೃತಿ, ಮೂರನೆಯದು ಅತಿ ಹೆಚ್ಚು, ಎರಡನೆಯದು ಇವೆರಡರ ನಡುವಿನದು ಎಂದಷ್ಟೇ ಹೇಳಿದ್ದರಿಂದ, ಸಂಶಯ ಬಂದ ಗೆಡ್ಡೆಗಳೆಲ್ಲ ನಡುವಿನ ದರ್ಜೆಗೇ ಬಂದು ಬಿದ್ದವು. ಕಣ್ಣಳತೆಯ ಈ ವಿದ್ಯೆಯಲ್ಲಿ ಒಂದೇ ಸ್ಲೈಡಿಗೆ ಇಬ್ಬರು ನುರಿತವರು ಬೇರೆ ದರ್ಜೆ ಕೊಡುವುದುಂಟು, ಅವರಲ್ಲೊಬ್ಬರೇ ಕೆಲವು ತಿಂಗಳ ಬಳಿಕ ತಮ್ಮ ಹಿಂದಿನ ತೀರ್ಪನ್ನು ಬದಲಿಸುವುದೂ ಉಂಟು. ಮೂತ್ರನಾಳದ ಮೂಲಕ ಕೆರೆದು ತೆಗೆದ ಚೂರುಗಳು ವಿದ್ಯುತ್ ಶಾಖಕ್ಕೆ ಸುಟ್ಟಿರಬಹುದು, ಓರೆಯಾಗಿ ಕೊಯ್ದಿರಬಹುದು, ಒಂದೇ ಗೆಡ್ಡೆಯ ಎರಡು ಮೂಲೆಗಳೂ ಬೇರೆಯಾಗಿರಬಹುದು. ಇಂತಹ ಭಿನ್ನಾಭಿಪ್ರಾಯವನ್ನು ಅಳೆಯಲು, ಆಕಸ್ಮಿಕವಾಗಿ ಆಗುವ ಒಮ್ಮತವನ್ನು ಕಳೆದು ಉಳಿದದ್ದನ್ನು ಲೆಕ್ಕಹಾಕುವ ‘ಕಪ್ಪಾ’ ಎಂಬ ಸೂಚ್ಯಂಕವನ್ನು ಜೇಕಬ್ ಕೋಹೆನ್ 1960ರಲ್ಲಿ ರೂಪಿಸಿದ್ದರು.

1998ರಲ್ಲಿ ತಜ್ಞರ ನಡುವೆ ಮೂಡಿದ ಒಪ್ಪಂದವನ್ನು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ವೀಕರಿಸಿ, ಕ್ಯಾನ್ಸರಿಗೆ ಕೆಳದರ್ಜೆ ಮತ್ತು ಮೇಲ್ದರ್ಜೆ ಎಂಬ ಎರಡೇ ಹೆಸರುಗಳನ್ನು ಉಳಿಸಿತು; ಜೊತೆಗೆ, ಕ್ಯಾನ್ಸರ್ ಎನ್ನಲಾಗದ ಆದರೆ ಮರುಕಳಿಸಬಲ್ಲ ಗೆಡ್ಡೆಗೆ, ವೈದ್ಯರು ‘ಪನ್‌ಲಂಪ್’ ಎಂದು ಚಿಕ್ಕದಾಗಿ ಕರೆಯುವ ಪ್ರತ್ಯೇಕ ವರ್ಗವನ್ನೂ ಸೇರಿಸಿತು. ವಿಪರ್ಯಾಸವೆಂದರೆ, ಪರೀಕ್ಷಕರ ನಡುವೆ ಒಮ್ಮತ ಅತ್ಯಂತ ದುರ್ಬಲವಾಗಿ ಕಂಡದ್ದು ಈ ಹೊಸ ವರ್ಗದಲ್ಲೇ. ವರ್ಗಗಳು ಕಡಿಮೆಯಾದಷ್ಟೂ ಒಮ್ಮತ ಹೆಚ್ಚುವುದು ಸಹಜವಾದುದರಿಂದ, ಒಮ್ಮತವೊಂದನ್ನೇ ಸತ್ಯದ ಪುರಾವೆಯೆಂದು ತಿಳಿಯುವುದು ಸರಿಯಲ್ಲ. ಆದರೂ ಮೂತ್ರಕೋಶಕ್ಕೆ ಬಿಸಿಜಿ ಔಷಧ ತುಂಬಬೇಕೋ, ದುರ್ಬೀನಿನ ತಪಾಸಣೆಯಷ್ಟೇ ಸಾಕೋ ಎಂಬ ನಿರ್ಧಾರದಲ್ಲಿ ದರ್ಜೆಯ ಮಾತಿಗೆ ದೊಡ್ಡ ತೂಕವಿರುವುದರಿಂದ, ರೋಗಿಯ ಪಾಲಿಗೆ ಇದು ಪದಗಳ ಜಗಳವಲ್ಲ.

ಬೆಂಗಳೂರಿಗೆ ಈ ಚರಿತ್ರೆ ಇನ್ನೊಂದು ಕಾರಣಕ್ಕೂ ಮುಖ್ಯ. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ 1982ರಿಂದ ನಗರದ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಬಸವನಗುಡಿಯ ನರ್ಸಿಂಗ್ ಹೋಮಿರಲಿ, ಮಲ್ಲೇಶ್ವರದ ಪ್ರಯೋಗಾಲಯವಿರಲಿ, ನೋಂದಣಿ ಸಿಬ್ಬಂದಿ ದಾಖಲೆಗಳಿದ್ದಲ್ಲಿಗೇ ಹೋಗಿ ವಿವರ ಸಂಗ್ರಹಿಸುವುದು ಇದರ ಕ್ರಮ. ಅವರು ಬಳಸುವ ಅಂತರರಾಷ್ಟ್ರೀಯ ಸಂಕೇತಪದ್ಧತಿಯಲ್ಲಿ ಗೆಡ್ಡೆಯ ವರ್ತನೆಗೂ ದರ್ಜೆಗೂ ಪ್ರತ್ಯೇಕ ಅಂಕಿಗಳಿವೆ. 1973ರ ಪದ್ಧತಿಯಲ್ಲಿ ಮೊದಲ ದರ್ಜೆಯ ಕ್ಯಾನ್ಸರ್ ಎನಿಸಿಕೊಂಡ ಗೆಡ್ಡೆ 2004ರ ಪದ್ಧತಿಯಲ್ಲಿ ಪನ್‌ಲಂಪ್ ಆಗಬಹುದಾದ್ದರಿಂದ, ನಗರದಲ್ಲಿ ಕಾಯಿಲೆ ಒಂದಿಷ್ಟೂ ಬದಲಾಗದಿದ್ದರೂ ಅಂಕಿಅಂಶದಲ್ಲಿ ಇಳಿಕೆ ಕಾಣಬಹುದು. ಹಳೆಯ ಮತ್ತು ಹೊಸ ದರ್ಜೆಗಳೆರಡನ್ನೂ ವರದಿಯಲ್ಲಿ ನಮೂದಿಸಬೇಕೆಂಬ ಯುರೋಪಿನ ಮೂತ್ರರೋಗ ತಜ್ಞರ ಸಲಹೆಯನ್ನು ಬೆಂಗಳೂರಿನ ಪ್ರಯೋಗಾಲಯಗಳು ಪಾಲಿಸಿದರೆ, ಹಿಂದಿನ ದಶಕಗಳ ದಾಖಲೆಗಳ ಪಕ್ಕದಲ್ಲಿ ಇಂದಿನವನ್ನು ಇಟ್ಟು ನೋಡಲು ಸಾಧ್ಯವಾಗುತ್ತದೆ.